ಬೂದಿದಿಬ್ಬಗಳ ಪಶುಗಳು: ಪ್ರಾಚೀನ ಅಸ್ಥಿಗಳ ಸಾಕ್ಷ್ಯವೂ ಅದರ ವಿಮರ್ಶೆಯೂ

೧

ಕರ್ಣಾಟಕದ ಪ್ರಾಚೀನ ಜನಜೀವನವನ್ನು ಅರಿಯುವುದಕ್ಕೆ ಶಾಸನ, ನಾಣ್ಯ, ಶಿಲ್ಪ, ಕಾವ್ಯಗಳೆಂಬ ಸಾಧನಗಳು ವಿದ್ವಾಂಸರಿಗೆ ಚಿರಪರಿಚಿತವಾದವು. ಇವುಗಳ ಸಹಾಯದಿಂದ ನಾಡಿನ ಕಥೆಯು ಬಹುಮಟ್ಟಿಗೆ ಸುಸಂಬದ್ಧವಾಗಿ ದೊರೆಯುವುದು. ಆದರೆ ಹಲ್ಮಿಡಿಯ ಶಾಸನವು ಕ್ರಿ. ಶ. ೫ನೆಯ ಶತಮಾನದ್ದು; ಮಸ್ಕಿ ಬ್ರಹ್ಮಗಿರಿಗಳಲ್ಲಿರುವ ಅಶೋಕನ ಲಿಪಿಗಳಾದರೋ ಕ್ರಿ. ಪೂ. ೩ನೆಯ ಶತಮಾನದವು. ಅದಕ್ಕೂ ಹಿಂದೆ ಹೋಗಬೇಕಾದರೆ ಅಕ್ಷರದ ಬೆಳಕು ದೊರೆಯುವುದಿಲ್ಲ. ಆದರೂ ಆ ಲಿಪಿಗಳನ್ನು ಕೊರೆಯಿಸಿದ ಸ್ಥಳಗಳ ಆಸುಪಾಸಿನಲ್ಲಿಯೇ, ಅಶೋಕನಿಗಿಂತ ಸಾವಿರ ವರ್ಷಗಳಿಗೂ ಮುಂಚೆ, ನುಣುಪುಗೈದ ಕಲ್ಲುಕೊಡಲಿಗಳನ್ನು ಬಳಸುತ್ತಿದ್ದ ಜನರು ದನಗಳನ್ನು ಸಾಕಿಕೊಂಡು ಬಾಳಿದರೆಂಬುದು ಉತ್ಖನನಗಳಿಂದ ಸ್ಥಿರಪಟ್ಟಿದೆ. ಈ ಜನರು ಬರೆದಿಟ್ಟುದು ಏನೂ ಇಲ್ಲ. ಅವರು ಉಳಿಸಿಹೋದದ್ದು ಮಡಕೆಯ ಚೂರು, ಕಲ್ಲಿನ ಆಯುಧ, ಬೂದಿ ಮತ್ತು ಎಲುಬು.

ಈ ನಾಲ್ಕರಲ್ಲಿ ಎಲುಬು ಬಹುಕಾಲ ಅನಾದರಕ್ಕೆ ಗುರಿಯಾಗಿತ್ತು. ಮಡಕೆಯ ಚೂರುಗಳನ್ನು ತೊಳೆದು ಎಣಿಸಿ ಚಿತ್ರ ಬರೆದಿಡುತ್ತಿದ್ದವರೂ ಎಲುಬಿನ ತುಂಡುಗಳನ್ನು ಮಣ್ಣಿನೊಡನೆ ಹೊರಗೆ ಸುರಿಯುತ್ತಿದ್ದುದುಂಟು. ಯೂರೋಪಿನಲ್ಲಿ ರ್ಯೂಟಿಮೈಯರ್ ಎಂಬ ಪ್ರಾಣಿಶಾಸ್ತ್ರಜ್ಞನು ಸ್ವಿಟ್ಜರ್ಲೆಂಡಿನ ಸರೋವರಗ್ರಾಮಗಳ ಎಲುಬುಗಳನ್ನು ಪರೀಕ್ಷಿಸಿ ೧೮೬೦ರ ದಶಕದ ಪ್ರಾರಂಭದಲ್ಲಿಯೇ ಗ್ರಂಥವನ್ನು ಪ್ರಕಟಿಸಿದನು. ಭರತಖಂಡದಲ್ಲಿ ಮೊಹೆಂಜೊದಾರೊವಿನ ಪ್ರಾಣ್ಯವಶೇಷಗಳ ವರದಿಯು ೧೯೩೧ರಲ್ಲಿಯೂ, ಬೈನಿ ಪ್ರಸಾದರು ರಚಿಸಿದ ಹರಪ್ಪದ ವರದಿಯು ೧೯೩೬ರಲ್ಲಿಯೂ ಹೊರಬಂದವು. ಕರ್ಣಾಟಕದ ನೆಲೆಗಳ ಎಲುಬುಗಳಿಗೆ ಈ ಯೋಗವು ಒದಗಿದುದು ೧೯೫೦ರಿಂದ ಈಚೆಗೆ. ಈ ಶಾಸ್ತ್ರವು ಎಲುಬನ್ನು ಓದುವ ಬಗೆ ಯಾವುದು, ಅದರಿಂದ ಬೂದಿದಿಬ್ಬಗಳ ಜನರ ವಿಷಯವಾಗಿ ಏನು ತಿಳಿದಿದೆ, ಎಲುಬಿನ ಸಾಕ್ಷ್ಯವು ಎಲ್ಲಿಗೆ ನಿಲ್ಲುತ್ತದೆ ಎಂಬ ಮೂರು ಅಂಶಗಳನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಬಳ್ಳಾರಿ, ರಾಯಚೂರು, ಕಲಬುರಗಿ, ಯಾದಗಿರಿ ಸೀಮೆಗಳಲ್ಲಿಯೂ ನೆರೆಯ ಆಂಧ್ರ ತೆಲಂಗಾಣಗಳಲ್ಲಿಯೂ ಬೂದಿಯ ದಿಬ್ಬಗಳು ಅಲ್ಲಲ್ಲಿ ಕಾಣಬರುತ್ತವೆ. ಕೆಲವು ಆಳೆತ್ತರವನ್ನು ಮೀರಿ ನಿಂತಿವೆ. ಅವುಗಳ ಬೂದಿಯು ಒಂದೆಡೆ ಹಿಟ್ಟಿನಂತೆ ಮೃದುವಾಗಿಯೂ, ಇನ್ನೊಂದೆಡೆ ಕರಗಿ ಗಟ್ಟಿಗೊಂಡು ಕಿಟ್ಟದಂತೆಯೂ ಇರುವುದು. ಇವುಗಳ ಉತ್ಪತ್ತಿಯನ್ನು ಕುರಿತು ಜನರಲ್ಲಿ ಐತಿಹ್ಯಗಳು ಹುಟ್ಟಿಕೊಂಡುದು ಸಹಜವೇ. ಹಂಪೆಯ ಬಳಿಯ ನಿಂಬಾಪುರದ ದಿಬ್ಬವು ವಾಲಿಯ ದೇಹವನ್ನು ದಹಿಸಿದ ಸ್ಥಳವೆಂದು ಹೇಳುವುದುಂಟು. ೧೯ನೆಯ ಶತಮಾನದ ಪೂರ್ವಾರ್ಧದಲ್ಲಿ ನ್ಯೂಬೋಲ್ಡನು ಇವುಗಳನ್ನು ವಿದ್ವಾಂಸರ ಗಮನಕ್ಕೆ ತಂದನು. ಅನಂತರ ಬಳ್ಳಾರಿಯ ಸುತ್ತಣ ಬೆಟ್ಟಗಳನ್ನು ತಿರುಗಿ ನೋಡಿದ ಭೂಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟನು ಇವು ನವಶಿಲಾಯುಗದ ಜನರ ದನದ ಸಗಣಿ ಸುಟ್ಟು ಉಂಟಾದವೆಂದು ನಿರ್ಣಯಿಸಿದನು. ಈ ಮಾತನ್ನು ಎಲ್ಲರೂ ಒಡನೆಯೇ ಒಪ್ಪಲಿಲ್ಲ. ಕೊನೆಗೆ ಜಾಯ್‌ನರ್ ಎಂಬ ವಿದ್ವಾಂಸನು ಬೂದಿಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ೧೯೬೦ರಲ್ಲಿ ಪ್ರಕಟಿಸಿದ ಲೇಖನದಿಂದ ಫೂಟನ ಊಹೆಯು ಸ್ಥಿರವಾಯಿತು.

೧೯೫೭ರಲ್ಲಿ ರೇಮಂಡ್ ಆಲ್ಚಿನ್ ಅವರು ಉಟ್ನೂರಿನ ದಿಬ್ಬವನ್ನು ಅಗೆದಾಗ ಒಂದು ವಿಶೇಷವು ಬೆಳಕಿಗೆ ಬಂದಿತು. ಬೂದಿಯ ಪದರಗಳ ನಡುವೆ ಮರದ ಕಂಬಗಳನ್ನು ನೆಟ್ಟ ಗುಳಿಗಳಿದ್ದುವು. ಆ ಬೇಲಿಯೊಳಗಣ ನೆಲದಲ್ಲಿ ದನದ ಗೊರಸಿನ ಗುರುತುಗಳು ಅಚ್ಚೊತ್ತಿದಂತೆ ಉಳಿದಿದ್ದುವು. ಎಂದರೆ ಅದು ದೊಡ್ಡಿಯಾಗಿತ್ತು. ಅದರ ಸಗಣಿಯು ರಾಶಿಯಾಗಿ ಬೆಳೆದು ಮತ್ತೆ ಮತ್ತೆ ಬೆಂಕಿಗೆ ಈಡಾಗಿತ್ತು. ಈ ಬೆಂಕಿಯು ಅಕಸ್ಮಾತ್ತಾಗಿ ಬಿದ್ದುದಲ್ಲವೆಂದೂ, ಋತುವಿಗನುಸಾರವಾಗಿ ಹಬ್ಬದಂತೆ ಹಚ್ಚಿದುದೆಂದೂ ಆಲ್ಚಿನ್ ಅವರು ಊಹಿಸಿದರು. ಈಗ ಲಭ್ಯವಿರುವ ಕಾಲನಿರ್ಣಯಗಳ ಪ್ರಕಾರ ದಕ್ಷಿಣದ ಈ ನವಶಿಲಾಯುಗವು ಸುಮಾರು ಕ್ರಿ. ಪೂ. ೩೦೦೦ದಿಂದ ೧೨೦೦ರ ವರೆಗೆ ನಡೆಯಿತು. ಬೂದಿಯಿಂದ ದನಗಳಿದ್ದುವೆಂಬುದು ಸಿದ್ಧವಾಯಿತು. ಆದರೆ ಆ ದನಗಳು ಯಾವ ಜಾತಿಯವು, ಅವುಗಳನ್ನು ಏತಕ್ಕೆ ಸಾಕಿದರು, ಅವು ಎಷ್ಟು ವಯಸ್ಸಿಗೆ ಸತ್ತುವು, ಸತ್ತ ಮೇಲೆ ಏನಾದುವು ಎಂಬ ಪ್ರಶ್ನೆಗಳಿಗೆ ಬೂದಿಯು ಉತ್ತರ ಕೊಡಲಾರದು. ಇವುಗಳಿಗೆ ಎಲುಬೇ ಸಾಕ್ಷಿ.

೩

ಹಳೆಯ ಕಾವ್ಯವೊಂದನ್ನು ಸಂಪಾದಿಸುವ ವಿದ್ವಾಂಸನು ಓಲೆಯ ಪ್ರತಿಯನ್ನು ಕವಿಯ ಬಾಯಿಯ ಮಾತೆಂದು ಹಾಗೆಯೇ ನಂಬುವುದಿಲ್ಲ. ಹುಳು ತಿಂದ ಎಡೆ ಯಾವುದು, ಲಿಪಿಕಾರನ ಕೈತಪ್ಪು ಯಾವುದು, ಈಚಿನವರು ಸೇರಿಸಿದ ಪದ್ಯ ಯಾವುದು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳುತ್ತಾನೆ. ಎಲುಬಿನ ರಾಶಿಗೂ ಇಂಥದೇ ವಿಮರ್ಶೆ ಅವಶ್ಯಕ. ಪ್ರಾಚೀನರು ಕೊಂದ ಪ್ರಾಣಿಗಳೆಲ್ಲವೂ ನೆಲದಲ್ಲಿ ಉಳಿಯಲಿಲ್ಲ. ನೆಲದಲ್ಲಿ ಉಳಿದುವೆಲ್ಲವೂ ಉತ್ಖನನಕಾರನ ಕೈಗೆ ಬರಲಿಲ್ಲ. ಕೈಗೆ ಬಂದುವೆಲ್ಲವೂ ಪ್ರಾಚೀನರು ಎಸೆದುವಲ್ಲ.

ಮೊದಲನೆಯದಾಗಿ ಲೋಪದ ವಿಚಾರ. ಎಲುಬನ್ನು ಹೊರಗೆ ಎಸೆದೊಡನೆ ಅದನ್ನು ಕಚ್ಚಿಕೊಂಡು ಹೋಗುವುದು ನಾಯಿ. ಎಲುಬಿನ ಮೆದುವಾದ ತುದಿಗಳನ್ನು ನಾಯಿಯು ಅಗಿದು ನುಂಗುವುದರಿಂದ ನಡುವಣ ಗಟ್ಟಿ ಕೊಳವೆಯಷ್ಟೇ ಉಳಿಯುವುದು. ಕರುಗಳ, ಕುರಿಮರಿಗಳ ಎಲುಬು ಎಳೆಯದಾದುದರಿಂದ ಬೇಗ ನಾಶವಾಗುತ್ತದೆ. ಹೀಗಾಗಿ ಎಳೆಯ ಪ್ರಾಣಿಗಳನ್ನು ಕೊಂದ ಸಂಖ್ಯೆಯು ವಾಸ್ತವಕ್ಕಿಂತ ಕಡಮೆಯಾಗಿ ತೋರಬಹುದು. ಮುಳ್ಳುಹಂದಿಯೂ ಎಲುಬನ್ನು ಕೆರೆಯುವ ಸ್ವಭಾವದ್ದು. ಅದರ ಹಲ್ಲಿನ ಅಗಲವಾದ ಸಮಾನಾಂತರ ಗೆರೆಗಳನ್ನು ಮನುಷ್ಯನ ಆಯುಧದ ಗುರುತೆಂದು ಭ್ರಮಿಸಬಾರದು. ಮಣ್ಣಿನ ಗುಣವೂ ಇಲ್ಲಿ ಮುಖ್ಯ. ಮಲೆನಾಡಿನ, ಕರಾವಳಿಯ ಜಂಬುಮಣ್ಣಿನಲ್ಲಿ ಆಮ್ಲಾಂಶವು ಹೆಚ್ಚಾಗಿರುವುದರಿಂದ ಎಲುಬು ಕರಗಿಹೋಗುವುದು. ಬೂದಿಯಾದರೋ ಕ್ಷಾರಗುಣವುಳ್ಳದ್ದು, ಆದುದರಿಂದ ಬೂದಿದಿಬ್ಬಗಳ ಎಲುಬು ಇಷ್ಟಾದರೂ ಉಳಿದುಬಂದಿದೆ. ಒಂದು ಸೀಮೆಯಲ್ಲಿ ಎಲುಬು ದೊರೆಯಲಿಲ್ಲವೆಂದ ಮಾತ್ರಕ್ಕೆ ಅಲ್ಲಿಯ ಜನರು ಸಸ್ಯಾಹಾರಿಗಳಾಗಿದ್ದರೆಂದು ಹೇಳುವುದು ಯುಕ್ತವಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಎರಡನೆಯದು ಪ್ರಕ್ಷೇಪದ ವಿಚಾರ. ಎರೆಯ ನೆಲವು ಬೇಸಗೆಯಲ್ಲಿ ಆಳವಾಗಿ ಬಿರಿಯುವುದನ್ನು ಬಲ್ಲವರೆಲ್ಲರೂ ಬಲ್ಲರು. ಮೇಲಣ ಪದರದ ಹಲ್ಲೊಂದು ಆ ಬಿರುಕಿನಲ್ಲಿ ಜಾರಿ ಸಾವಿರ ವರ್ಷ ಹಿಂದಣ ಪದರದಲ್ಲಿ ನಿಲ್ಲಬಹುದು. ಇಲಿ ಹೆಗ್ಗಣಗಳ ಬಿಲ, ಗಿಡದ ಬೇರು, ಈಚಿನವರು ತೋಡಿದ ಗುಂಡಿ ಇವೂ ಅದೇ ಕೆಲಸವನ್ನು ಮಾಡುತ್ತವೆ. ಹಗೇವಿಗಾಗಿಯೋ ಶವವನ್ನು ಹೂಳುವುದಕ್ಕಾಗಿಯೋ ತೆಗೆದ ಕುಳಿಯ ಅಂಚನ್ನು ಉತ್ಖನನಕಾರನು ಗುರುತಿಸದೆ ಹೋದರೆ, ಎರಡು ಕಾಲಗಳ ಎಲುಬು ಒಂದೇ ಕಾಲದ್ದಾಗಿ ದಾಖಲೆಗೆ ಸೇರುವುದು.

ಮೂರನೆಯದು ಲಿಪಿಕಾರನ ದೋಷ; ಇಲ್ಲಿ ಲಿಪಿಕಾರನೆಂದರೆ ಅಗೆಯುವವನೇ. ಕೈಯಿಂದ ಮಾತ್ರ ಆರಿಸಿದರೆ ಎತ್ತಿನ ತೊಡೆಯೆಲುಬು ದೊರೆಯುವುದು, ಮೀನಿನ ಮುಳ್ಳೂ ಹಕ್ಕಿಯ ಕಾಲೂ ತಪ್ಪಿಹೋಗುವುವು. ಮಣ್ಣನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಜಾಲಿಸಿದಾಗಲೇ ಚಿಕ್ಕ ಎಲುಬುಗಳು ಕಾಣಿಸಿಕೊಳ್ಳುವುದು. ಜರಡಿ ಹಿಡಿಯದೆ ನಡೆದ ಹಳೆಯ ಉತ್ಖನನಗಳ ವರದಿಗಳಲ್ಲಿ ದನವೇ ಪ್ರಧಾನವಾಗಿ ಕಂಡರೆ, ಅದರಲ್ಲಿ ಒಂದು ಪಾಲು ಅಗೆದವರ ಕೈಯದ್ದೆಂಬುದನ್ನು ಮರೆಯಲಾಗದು.

೪

ಹೀಗೆ ಶೋಧಿಸಿದ ಎಲುಬನ್ನು ಗುರುತಿಸುವುದು ಮುಂದಿನ ಕೆಲಸ. ಇದಕ್ಕೆ ಜಾತಿ, ಲಿಂಗ, ವಯಸ್ಸು ತಿಳಿದ ಪ್ರಾಣಿಗಳ ಅಸ್ಥಿಪಂಜರಗಳ ಸಂಗ್ರಹವು ಬೇಕು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಇಂಥ ಅಭ್ಯಾಸವು ಬೆಳೆದುಬಂದಿದೆ. ಹಸುವಿಗೂ ಎಮ್ಮೆಗೂ ಕೊಂಬಿನೊಳಗಣ ಎಲುಬಿನ ಆಕಾರದಿಂದ ಭೇದವು ಸುಲಭವಾಗಿ ತಿಳಿಯುವುದು: ಎಮ್ಮೆಯದು ಮೂರು ಮೂಲೆಯಾಗಿಯೂ ಹಸುವಿನದು ದುಂಡಗಾಗಿಯೂ ಇರುತ್ತದೆ. ಡುಬ್ಬವುಳ್ಳ ಭಾರತೀಯ ದನಕ್ಕೆ ಇನ್ನೊಂದು ಲಕ್ಷಣವುಂಟು. ಹೆಗಲಿನ ಭಾಗದ ಬೆನ್ನುಮಣಿಗಳಲ್ಲಿ ಮೇಲಕ್ಕೆ ಚಾಚಿದ ಮುಳ್ಳಿನ ತುದಿಯು ಎರಡಾಗಿ ಸೀಳಿರುವುದು. ಡುಬ್ಬವು ಮಾಂಸಮಯವಾದುದರಿಂದ ಕೊಳೆತುಹೋದರೂ ಈ ಸೀಳಿನಿಂದ ಅದರ ಇರವು ಗೊತ್ತಾಗುತ್ತದೆ. ಕುರಿಗೂ ಆಡಿಗೂ ಭೇದವನ್ನು ಕಾಣುವುದು ಮಾತ್ರ ಕಷ್ಟ. ಅದರಲ್ಲಿಯೂ ಕೃಷ್ಣಮೃಗವು ಹಿಂಡುಹಿಂಡಾಗಿದ್ದ ನಮ್ಮ ಬಯಲುಸೀಮೆಯಲ್ಲಿ ಮೂರರ ತುಂಡೆಲುಬುಗಳು ಕಲೆತುಬಿಟ್ಟರೆ ಪರಿಣತರೂ ‘ಕುರಿ ಅಥವಾ ಆಡು’ ಎಂದೇ ಬರೆದು ಬಿಡಬೇಕಾಗುತ್ತದೆ. ಸಂದೇಹವಿದ್ದೆಡೆ ಸಂದೇಹವನ್ನೇ ದಾಖಲಿಸುವುದು ಈ ಶಾಸ್ತ್ರದಲ್ಲಿ ದೋಷವಲ್ಲ, ಗುಣ.

ಎಣಿಕೆಯಲ್ಲಿಯೂ ಎಚ್ಚರವು ಬೇಕು. ಒಂದೇ ತೋಳೆಲುಬು ಹತ್ತು ಚೂರಾದರೆ ಹತ್ತು ದನಗಳಾಗುವುದಿಲ್ಲ. ಆದುದರಿಂದ ಎರಡು ಬಗೆಯ ಲೆಕ್ಕಗಳು ಬಳಕೆಯಲ್ಲಿವೆ. ಗುರುತು ಸಿಕ್ಕಿದ ತುಂಡುಗಳ ಒಟ್ಟು ಸಂಖ್ಯೆಯು ಒಂದು. ಪ್ರಾಣಿಗಳ ಕನಿಷ್ಠ ಸಂಖ್ಯೆಯು ಇನ್ನೊಂದು. ಉದಾಹರಣೆಗೆ ಎಡಗಡೆಯ ತೋಳೆಲುಬುಗಳು ೧೦, ಬಲಗಡೆಯವು ೭ ದೊರೆತುವೆಂದು ಇಟ್ಟುಕೊಂಡರೆ ಅಲ್ಲಿ ೧೦ ಪ್ರಾಣಿಗಳಾದರೂ ಇದ್ದಿರಲೇಬೇಕು. ಮೊದಲನೆಯ ಲೆಕ್ಕವು ಹೆಚ್ಚಾಗಿ ಒಡೆದ ಎಲುಬಿಗೆ ಪಕ್ಷಪಾತ ಮಾಡುವುದು. ಎರಡನೆಯದು ಅಪರೂಪದ ಪ್ರಾಣಿಯನ್ನು ದೊಡ್ಡದಾಗಿಸಿ ತೋರಿಸುವುದು. ಒಳ್ಳೆಯ ವರದಿಯು ಎರಡನ್ನೂ ಕೊಡುತ್ತದೆ.

ವಯಸ್ಸನ್ನು ತಿಳಿಯುವ ಬಗೆಯು ದನದ ಜಾತ್ರೆಯನ್ನು ಕಂಡವರಿಗೆ ಹೊಸದಲ್ಲ. ಕೊಳ್ಳುವವನು ಹೋರಿಯ ತುಟಿಯನ್ನು ಬಿಡಿಸಿ ‘ಎರಡು ಹಲ್ಲು’, ‘ನಾಲ್ಕು ಹಲ್ಲು’, ‘ಬಾಯಿಗೂಡಿದೆ’ ಎಂದು ನಿರ್ಣಯಿಸುವುದು ಯಾವ ಶಾಸ್ತ್ರವೋ ಇದೂ ಅದೇ ಶಾಸ್ತ್ರ. ಹಾಲುಹಲ್ಲು ಬಿದ್ದು ಮೊದಲ ಜೋಡಿಯ ಹಲ್ಲು ಸುಮಾರು ಎರಡು ವರ್ಷಕ್ಕೆ ಮೂಡುವುದು. ಬಾಯಿಗೂಡುವುದಕ್ಕೆ ಸುಮಾರು ನಾಲ್ಕು ವರ್ಷವಾಗಬೇಕು. ಆಮೇಲೆ ದವಡೆಯ ಹಲ್ಲಿನ ಸವೆತವನ್ನು ನೋಡಬೇಕು. ಕಾಲೆಲುಬುಗಳ ತುದಿಗಳು ಎಳೆಯ ಪ್ರಾಣಿಯಲ್ಲಿ ಬೇರೆಯಾಗಿದ್ದು, ಒಂದೊಂದು ಎಲುಬಿನಲ್ಲಿ ಒಂದೊಂದು ವಯಸ್ಸಿಗೆ ಬೆಸೆದುಕೊಳ್ಳುತ್ತವೆ. ಇದೂ ವಯಸ್ಸಿಗೆ ಆಧಾರ.

ಈ ವಯಸ್ಸುಗಳನ್ನು ಒಟ್ಟುಗೂಡಿಸಿದರೆ ಸಾಕಾಣಿಕೆಯ ಉದ್ದೇಶವು ತೋರಿಬರುವುದು. ಮಾಂಸಕ್ಕಾಗಿ ಸಾಕಿದಲ್ಲಿ ಹೆಚ್ಚಿನ ಪ್ರಾಣಿಗಳು ಪೂರ್ಣವಾಗಿ ಬೆಳೆಯುವ ಹೊತ್ತಿಗೆ ಸಾಯುತ್ತವೆ. ದುಡಿಮೆಗಾಗಿ ಸಾಕಿದಲ್ಲಿ ಮುದಿಯಾಗುವ ತನಕ ಬದುಕುತ್ತವೆ, ಅವುಗಳ ಕಾಲಿನ ಗಂಟುಗಳಲ್ಲಿ ಭಾರವೆಳೆದುದರಿಂದ ಬಂದ ಎಲುಬಿನ ಬೆಳವಣಿಗೆಯೂ ಕಾಣಬಹುದು. ಹಾಲಿಗಾಗಿ ಸಾಕಿದಲ್ಲಿ ಗಂಡುಕರುಗಳನ್ನು ಎಳೆಯ ವಯಸ್ಸಿನಲ್ಲಿಯೇ ಕೊಲ್ಲುವರೆಂಬುದು ಯೂರೋಪಿನ ಕೆಲವರ ಅಭಿಪ್ರಾಯ. ಆದರೆ ಇದನ್ನು ಹಾಗೆಯೇ ಇಲ್ಲಿಗೆ ಅನ್ವಯಿಸಲಾಗದು. ನಮ್ಮ ನಾಡಹಸು ಸಾಮಾನ್ಯವಾಗಿ ಕರುವನ್ನು ಕಾಣದೆ ಹಾಲಿಳಿಸುವುದಿಲ್ಲ. ಕರು ಸತ್ತರೆ ಅದರ ತೊಗಲಿಗೆ ಹುಲ್ಲು ತುಂಬಿ ಹಸುವಿನ ಮುಂದೆ ಇರಿಸುವ ವಾಡಿಕೆಯು ಇದರಿಂದಲೇ ಬಂದುದು. ಹೀಗಿರುವಲ್ಲಿ ಹಾಲನ್ನು ಬಯಸುವ ಗೊಲ್ಲನು ಕರುವನ್ನು ಉಳಿಸುವ ಸಂಭವವೇ ಹೆಚ್ಚು. ನಾಡಿನ ದನವನ್ನು ಬಲ್ಲವರ ಅನುಭವವಿಲ್ಲದೆ ಅಂಕಿಗಳು ಅರ್ಥವನ್ನು ಕೊಡಲಾರವೆಂಬುದಕ್ಕೆ ಇದೊಂದು ನಿದರ್ಶನ.

೫

ಈ ಕ್ರಮದಿಂದ ಪರೀಕ್ಷಿತವಾದ ನೆಲೆಗಳಲ್ಲಿ ಮಸ್ಕಿ, ತೆಕ್ಕಲಕೋಟೆ, ಹಳ್ಳೂರು, ಕೊಡೇಕಲ್ಲು, ಬೂದಿಹಾಳ ಮೊದಲಾದುವು ಸೇರಿವೆ. ಹೆಚ್ಚಿನ ನೆಲೆಗಳಲ್ಲಿ ದನದ ಎಲುಬೇ ಪ್ರಧಾನ. ಕುರಿ ಆಡುಗಳು ಅದರ ಹಿಂದಿನವು. ಎಮ್ಮೆ, ನಾಯಿ, ಬೇಟೆಯ ಮೃಗಗಳು ಅಲ್ಪ. ಬೂದಿಯೂ ಎಲುಬೂ ಇಲ್ಲಿ ಒಂದೇ ಮಾತನ್ನು ಹೇಳುತ್ತವೆ. ಬಳ್ಳಾರಿಯ ಬಳಿ ಕುಪಗಲ್ಲಿನ ಹಿರೇಗುಡ್ಡದ ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಉದ್ದಕೊಂಬಿನ ಗೂಳಿಗಳ ಚಿತ್ರಗಳೂ ಇದಕ್ಕೆ ಅನುಗುಣವಾಗಿವೆ. ಇವರು ಬರಿಯ ದನಗಾಹಿಗಳಲ್ಲವೆಂಬುದೂ ಈಚೆಗೆ ಸ್ಪಷ್ಟವಾಗಿದೆ. ಸಂಗನಕಲ್ಲು ಮೊದಲಾದೆಡೆಗಳಲ್ಲಿ ಮಣ್ಣನ್ನು ನೀರಿನಲ್ಲಿ ತೇಲಿಸಿ ಕರಿಕಾದ ಕಾಳುಗಳನ್ನು ತೆಗೆದು ನೋಡಲಾಗಿ, ಹುರುಳಿ, ಹೆಸರು, ಕೊರಲೆಗಳು ಅವರ ಬೆಳೆಗಳಾಗಿದ್ದುವೆಂದು ತಿಳಿದುಬಂದಿದೆ.

ಬೂದಿಹಾಳದ ಉತ್ಖನನವು ಈ ವಿಷಯದಲ್ಲಿ ಅತ್ಯಂತ ಮಹತ್ತ್ವದ್ದು. ಸುರಪುರದ ಸೀಮೆಯ ಈ ಸ್ಥಳದಲ್ಲಿ ಕೆ. ಪದ್ದಯ್ಯನವರು ೧೯೮೯ರಿಂದ ಕೆಲವು ವರ್ಷ ಕೆಲಸಮಾಡಿದರು. ಅಲ್ಲಿ ದನದ ದೊಡ್ಡಿ, ಬೂದಿಯ ರಾಶಿ, ಮನೆಗಳು ಇವು ಒಂದರ ಪಕ್ಕದಲ್ಲೊಂದು ಕಂಡುಬಂದುವು. ಬೂದಿದಿಬ್ಬವೆಂದರೆ ಋತುವಿಗೊಮ್ಮೆ ಬಂದುಹೋಗುವ ಗೊಲ್ಲರ ಬೀಡು ಮಾತ್ರವೆಂಬ ಹಿಂದಿನ ಅಭಿಪ್ರಾಯವು ಇದರಿಂದ ಸಡಿಲವಾಯಿತು. ಅದಕ್ಕಿಂತಲೂ ವಿಶೇಷವಾದುದು ಅಲ್ಲಿ ದೊರೆತ ಒಂದು ನೆಲ. ಅದರ ಮೇಲೆ ಪ್ರಾಣಿಗಳ ಎಲುಬೂ ಕಲ್ಲಿನ ಆಯುಧಗಳೂ ಒಟ್ಟಿಗೆ ಹರಡಿದ್ದುವು. ಪಿ. ಕೆ. ಥಾಮಸ್, ಪಿ. ಪಿ. ಜೋಗಳೇಕರ್ ಅವರು ಎಲುಬನ್ನು ಪರೀಕ್ಷಿಸಿದರು. ಪದ್ದಯ್ಯನವರೊಡನೆ ಅವರು ೧೯೯೫ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ಪಶುಗಳನ್ನು ಕೊಯ್ದು ಭಾಗಮಾಡಿದ ಸ್ಥಳವೆಂದು ನಿರ್ಣಯಿಸಿದರು.

ಕೊಯ್ದ ಗುರುತನ್ನು ಓದುವುದಕ್ಕೂ ಒಂದು ಕ್ರಮವಿದೆ. ತೊಗಲು ಸುಲಿದ ಗೆರೆಗಳು ಹಣೆಯ ಮೇಲೂ ಗೊರಸಿನ ಬಳಿಯ ಎಲುಬಿನ ಮೇಲೂ ಇರುವುವು. ಕೀಲು ಬಿಡಿಸಿದವು ಸಂಧಿಯ ಸುತ್ತಲೂ ಇರುವುವು. ಮಾಂಸವನ್ನು ತೆಗೆದವು ಎಲುಬಿನ ನಡುಭಾಗದಲ್ಲಿರುವುವು. ಮಜ್ಜೆಗಾಗಿ ಹಸಿ ಎಲುಬನ್ನು ಒಡೆದರೆ ಸೀಳು ಸುತ್ತುಸುತ್ತಾಗಿ ಹೋಗುವುದು. ಒಣಗಿದ ಎಲುಬು ತಾನಾಗಿ ಮುರಿದರೆ ಹಾಗೆ ಹೋಗದು. ಸುಟ್ಟ ಎಲುಬಿನ ಬಣ್ಣವೂ ಸಾಕ್ಷಿಯೇ: ಸಾಧಾರಣ ಬೆಂಕಿಯಲ್ಲಿ ಅದು ಕಂದಿ ಕಪ್ಪಾಗುವುದು, ಅತ್ಯುಷ್ಣದಲ್ಲಿ ಬೂದುಬಣ್ಣಕ್ಕೂ ಬಿಳುಪಿಗೂ ತಿರುಗುವುದು.

ಇಲ್ಲಿ ಒಂದು ಗಹನವಾದ ಪ್ರಶ್ನೆಯು ಏಳುತ್ತದೆ. ಬೂದಿದಿಬ್ಬಗಳ ಜನರು ದನವನ್ನು ಪೂಜಿಸಿದವರೋ, ತಿಂದವರೋ? ಸಗಣಿಯನ್ನು ತಲೆಮಾರುಗಳ ಕಾಲ ಒಂದೇ ಎಡೆಯಲ್ಲಿ ಒಟ್ಟಿ, ಗೊತ್ತುಪಡಿಸಿದಂತೆ ಸುಟ್ಟು, ಗುಡ್ಡವಾಗಿ ಬೆಳೆಯಿಸಿದವರಿಗೆ ದನದಲ್ಲಿ ಹೊಟ್ಟೆಪಾಡಿಗಿಂತ ಹೆಚ್ಚಿನ ಭಾವವೇನೋ ಇದ್ದಿರಬೇಕೆಂದು ಅನೇಕ ವಿದ್ವಾಂಸರು ತರ್ಕಿಸಿದ್ದಾರೆ. ದಿಬ್ಬಗಳು ಕೇವಲ ತಿಪ್ಪೆಗಳಲ್ಲ, ಜನರು ಬುದ್ಧಿಪೂರ್ವಕವಾಗಿ ನಿರ್ಮಿಸಿದ ಸ್ಮಾರಕಗಳೆಂದು ಪೀಟರ್ ಜೊಹಾನ್ಸೆನ್ ಅವರು ೨೦೦೪ರಲ್ಲಿ ವಾದಿಸಿದರು. ಅದೇ ಜನರು ದನವನ್ನು ಕೊಯ್ದು ಉಂಡರೆಂಬುದಕ್ಕೆ ಎಲುಬು ಸಾಕ್ಷಿ ಹೇಳುತ್ತದೆ. ಈಗಿನ ಓದುಗರಲ್ಲಿ ಕೆಲವರು ಮೊದಲನೆಯದನ್ನು ಹಿಡಿದು ಎರಡನೆಯದನ್ನು ಮರೆಯಿಸುವರು. ಕೆಲವರು ಎರಡನೆಯದನ್ನು ಹಿಡಿದು ಮೊದಲನೆಯದನ್ನು ನಗೆಗೀಡುಮಾಡುವರು. ಎರಡು ಪಕ್ಷಗಳೂ ತಮ್ಮ ಕಾಲದ ವಿವಾದವನ್ನು ನಾಲ್ಕು ಸಾವಿರ ವರ್ಷಗಳ ಹಿಂದಕ್ಕೆ ಕೊಂಡೊಯ್ಯುತ್ತವೆ. ಪೂಜ್ಯವಾದುದು ಭಕ್ಷ್ಯವಲ್ಲ, ಭಕ್ಷ್ಯವಾದುದು ಪೂಜ್ಯವಲ್ಲ ಎಂಬ ವಿಭಾಗವನ್ನು ಬೂದಿಹಾಳದ ಜನರು ಮಾಡಿಕೊಂಡಿದ್ದರೆಂಬುದಕ್ಕೆ ನೆಲದಲ್ಲಿ ಯಾವ ಆಧಾರವೂ ಇಲ್ಲ. ಬೂದಿಯೂ ಎಲುಬೂ ಒಂದೇ ಊರಿನಲ್ಲಿವೆ. ಎರಡನ್ನೂ ಕೂಡಿಸಿ ಓದುವುದೇ ವಿಮರ್ಶಕನ ಧರ್ಮ.

೬

ಎಲುಬು ಎಷ್ಟು ಸಣ್ಣದಾಗಿದ್ದರೂ ಅದರ ಮೇಲೆ ಎಷ್ಟು ದೊಡ್ಡ ವಾದವನ್ನು ಹೇರಬಹುದೆಂಬುದಕ್ಕೆ ಹಳ್ಳೂರಿನ ಕುದುರೆಯು ದೃಷ್ಟಾಂತ. ಈಗಿನ ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಡದಲ್ಲಿರುವ ಈ ನೆಲೆಯನ್ನು ಎಂ. ಎಸ್. ನಾಗರಾಜರಾಯರು ೧೯೬೫ರಲ್ಲಿ ಅಗೆದರು. ಅಲ್ಲಿಯ ಎಲುಬನ್ನು ಪಶುವೈದ್ಯರಾಗಿದ್ದ ಕೆ. ಆರ್. ಆಲೂರರು ಪರೀಕ್ಷಿಸಿದರು, ಅವರ ವರದಿಯು ನಾಗರಾಜರಾಯರ ಗ್ರಂಥದಲ್ಲಿ ೧೯೭೧ರಲ್ಲಿ ಪ್ರಕಟವಾಯಿತು. ಕಬ್ಬಿಣದ ಬಳಕೆಗೆ ಮುಂಚಿನ ಪದರಗಳಿಂದ ಬಂದ ಎಲುಬುಗಳಲ್ಲಿ ಕೆಲವು ಕುದುರೆಯವೆಂದು ಅವರು ಅಲ್ಲಿ ಗುರುತಿಸಿದ್ದರು. ಕುದುರೆಯನ್ನು ಭರತಖಂಡಕ್ಕೆ ತಂದವರು ವೇದಕಾಲದ ಆರ್ಯರೆಂದೂ, ಅವರು ವಾಯವ್ಯದಿಂದ ಬಂದರೆಂದೂ ನಂಬಿದವರಿಗೆ, ತುಂಗಭದ್ರೆಯ ದಡದಲ್ಲಿ ಅಷ್ಟು ಹಿಂದೆಯೇ ಕುದುರೆಯಿದ್ದಿತೆಂಬ ಮಾತು ಅನಿರೀಕ್ಷಿತವಾಗಿತ್ತು. ಆ ನಂಬಿಕೆಯನ್ನು ಖಂಡಿಸುವವರಿಗಾದರೋ ಅದು ಪ್ರಬಲವಾದ ಆಯುಧವಾಯಿತು. ಹೀಗೆ ಕೆಲವೇ ಎಲುಬುಗಳು ಭಾಷೆ, ಜನಾಂಗ, ಧರ್ಮಗಳ ವಾದರಂಗಕ್ಕೆ ಇಳಿದುವು. ಆಲೂರರು ತಮ್ಮ ನಿರ್ಣಯವನ್ನು ಬಿಟ್ಟುಕೊಡಲಿಲ್ಲ.

ಕಚ್ಛದ ಸುರ್ಕೋಟಡಾ ಎಂಬ ಹರಪ್ಪಕಾಲದ ನೆಲೆಯಲ್ಲಿಯೂ ಇದೇ ವಿವಾದವು ನಡೆಯಿತು. ಅಲ್ಲಿಯ ಎಲುಬುಗಳಲ್ಲಿ ಕುದುರೆಯದಿದೆಯೆಂದು ಎ. ಕೆ. ಶರ್ಮರು ೧೯೭೪ರಲ್ಲಿ ಬರೆದರು. ಹಂಗೆರಿಯ ಬೋಕೋನ್ಯಿ ಅವರು ಅದನ್ನು ಸಮರ್ಥಿಸಿದರು. ರಿಚರ್ಡ್ ಮೆಡೋ ಮತ್ತು ಅಜಿತಾ ಪಟೇಲ್ ಅವರು ೧೯೯೭ರಲ್ಲಿ ಅದನ್ನು ಒಪ್ಪದೆ ಉತ್ತರವನ್ನು ಬರೆದರು. ಕಚ್ಛದ ರಣದಲ್ಲಿ ಕಾಡುಕತ್ತೆಯು ಇಂದಿಗೂ ಬದುಕಿದೆ. ಕುದುರೆ, ಕತ್ತೆ, ಕಾಡುಕತ್ತೆಗಳ ಎಲುಬುಗಳು ಅಳತೆಯಲ್ಲಿಯೂ ಆಕಾರದಲ್ಲಿಯೂ ಬಹಳ ಹೋಲುತ್ತವೆ. ದವಡೆಯ ಹಲ್ಲಿನ ಮೇಲಣ ದಂತಕವಚದ ಮಡಿಕೆಗಳು, ಬೆರಳೆಲುಬಿನ ಅಗಲ ಮುಂತಾದ ಸೂಕ್ಷ್ಮಗಳ ಮೇಲೆಯೇ ನಿರ್ಣಯವು ನಿಂತಿರುವುದು. ಒಂದೆರಡು ತುಂಡುಗಳಿಂದ ಅದನ್ನು ಮಾಡುವಾಗ ಪಂಡಿತರಲ್ಲಿಯೇ ಭಿನ್ನಾಭಿಪ್ರಾಯವು ಉಂಟಾಗುವುದು ಆಶ್ಚರ್ಯವಲ್ಲ.

ಆದುದರಿಂದ ಹಳ್ಳೂರಿನ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡೇ. ಎಲುಬು ನಿಶ್ಚಯವಾಗಿ ಕುದುರೆಯದೇ? ಅದು ನಿಶ್ಚಯವಾಗಿ ಆ ಪದರದ್ದೇ? ಮೊದಲನೆಯದಕ್ಕೆ ಅಳತೆ, ಚಿತ್ರ, ಹೋಲಿಕೆಗಳು ಬೇಕು. ಎರಡನೆಯದಕ್ಕೆ ಪದರದ ಕಾಲವು ಸಾಲದು, ಆ ಎಲುಬಿನದೇ ಕಾಲನಿರ್ಣಯವು ಬೇಕು. ಏಕೆಂದರೆ ಪ್ರಕ್ಷೇಪದ ಶಂಕೆಯು ಹೋಗುವುದು ಅದರಿಂದಲೇ. ಕಬ್ಬಿಣಯುಗದ ಬೃಹತ್ ಶಿಲಾಸಮಾಧಿಗಳ ಕಾಲದಲ್ಲಿ ದಕ್ಷಿಣಾಪಥದಲ್ಲಿ ಕುದುರೆಯಿದ್ದುದಕ್ಕೆ ಸಂದೇಹವಿಲ್ಲ. ವಿದರ್ಭದ ಮಹುರ್ಝರಿಯಲ್ಲಿ ತಾಮ್ರದ ಮುಖಾಭರಣಗಳೊಡನೆ ಕುದುರೆಯನ್ನು ಹೂಳಿದುದು ಕಂಡುಬಂದಿದೆ. ವಿವಾದವಿರುವುದು ಅದಕ್ಕೂ ಹಿಂದಿನ ಕಾಲದ ವಿಷಯದಲ್ಲಿ ಮಾತ್ರ. ಈ ಎರಡು ಪ್ರಶ್ನೆಗಳಿಗೂ ಉತ್ತರವು ಸಿದ್ಧಿಸಿದರೂ ತಿಳಿಯುವುದಿಷ್ಟೇ: ಇಂಥ ಕಾಲದಲ್ಲಿ ಇಂಥ ಊರಿನಲ್ಲಿ ಕುದುರೆಯೊಂದಿತ್ತು. ಅದನ್ನು ಸಾಕಿದವನು ಯಾವ ಭಾಷೆಯಲ್ಲಿ ಅದನ್ನು ಕೂಗಿ ಕರೆದನೆಂಬುದನ್ನು ಎಲುಬು ಹೇಳದು.

೭

ಎಲುಬಿನಿಂದ ಕಾಲನಿರ್ಣಯವಲ್ಲದೆ ಇನ್ನೂ ಕೆಲವು ಸಂಗತಿಗಳನ್ನು ತಿಳಿಯುವ ಉಪಾಯಗಳು ಈಚೆಗೆ ಒದಗಿವೆ. ಎಲುಬಿನಲ್ಲಿ ಉಳಿದಿರುವ ಕೊಲಾಜನ್ ಎಂಬ ಸಸಾರಜನಕ ದ್ರವ್ಯವನ್ನು ಪರೀಕ್ಷಿಸಿ, ಕಣ್ಣಿಗೆ ಬೇರೆಯಾಗಿ ತೋರದ ಕುರಿ ಆಡುಗಳ ತುಂಡುಗಳನ್ನು ಬೇರ್ಪಡಿಸುವ ಕ್ರಮವು ೨೦೦೯ರಿಂದೀಚೆಗೆ ಬಳಕೆಗೆ ಬಂದಿದೆ. ಹಲ್ಲಿನ ಕವಚದಲ್ಲಿರುವ ಸ್ಟ್ರಾಂಷಿಯಂ ಧಾತುವಿನ ಪ್ರಭೇದಗಳಿಂದ ದನವು ಹುಟ್ಟಿಬೆಳೆದ ನೆಲಕ್ಕೂ ಸತ್ತ ನೆಲಕ್ಕೂ ಭೇದವಿದೆಯೇ ಎಂಬುದನ್ನು ಊಹಿಸಬಹುದು. ಬಿಸಿಲುನಾಡಿನ ಎಲುಬಿನಲ್ಲಿ ಕೊಲಾಜನ್ ಬೇಗ ಕ್ಷೀಣಿಸುವುದರಿಂದ ಯೂರೋಪಿನಲ್ಲಿ ಸುಲಭವಾದುದು ಇಲ್ಲಿ ಹಲವು ವೇಳೆ ದುಸ್ಸಾಧ್ಯವಾಗಿದೆ. ಆದರೂ ಇಂದು ಆಗದುದು ಮುಂದೆ ಆಗಬಹುದು. ಅಂಥ ದಿನಕ್ಕೆ ಎಲುಬುಗಳು ಉಳಿದಿರಬೇಕಾದುದು ಮುಖ್ಯ. ವರದಿಯು ಅಚ್ಚಾದ ಬಳಿಕ ಎಲುಬಿನ ಚೀಲಗಳನ್ನು ಗುರುತುಚೀಟಿಯಿಲ್ಲದೆ ಮೂಲೆಗೆ ತಳ್ಳಿದರೆ, ಪಾಠವನ್ನು ಅಚ್ಚುಮಾಡಿದ ಬಳಿಕ ಮೂಲದ ಓಲೆಯನ್ನು ಒಲೆಗೆ ಹಾಕಿದಂತಾಗುವುದು. ಸಂಪಾದಕನು ತಪ್ಪಿದ್ದರೆ ಅದನ್ನು ತಿದ್ದುವ ದಾರಿಯು ಮತ್ತೆ ಇರುವುದಿಲ್ಲ.

ಸಾಹಿತ್ಯಾಭ್ಯಾಸಿಗಳಿಗೆ ಇದರಲ್ಲಿ ಸಂಬಂಧಿಸಿದ ಮಾತೊಂದುಂಟು. ವಿರಾಟಪರ್ವದ ಗೋಗ್ರಹಣ, ತುರುಗೋಳಿನಲ್ಲಿ ಮಡಿದವರ ವೀರಗಲ್ಲುಗಳು, ಗೊಲ್ಲರ ಹಾಡುಗಳು ಇವೆಲ್ಲವನ್ನೂ ಬಲ್ಲವರಿಗೆ ಬೂದಿದಿಬ್ಬಗಳ ದೊಡ್ಡಿಯನ್ನು ಕಂಡೊಡನೆ ‘ಇದು ಅದರ ಮೂಲ’ ಎಂದು ಹೇಳುವ ಆಸೆಯಾಗುವುದು ಸ್ವಾಭಾವಿಕ. ಆದರೆ ಕೊನೆಯ ಬೂದಿದಿಬ್ಬಕ್ಕೂ ಹಲ್ಮಿಡಿಯ ಶಾಸನಕ್ಕೂ ನಡುವೆ ಸುಮಾರು ಸಾವಿರದ ಆರುನೂರು ವರ್ಷಗಳ ಅಂತರವಿದೆ. ದನವು ಸಂಪತ್ತಾಗಿರುವ ನಾಡಿನಲ್ಲಿ ದನಕ್ಕಾಗಿ ಕಾದಾಟವೂ ನಡೆಯುವುದೆಂಬುದು ಲೋಕಸಾಮಾನ್ಯವಾದ ಸಂಗತಿ. ಅದರಿಂದ ವಂಶಪರಂಪರೆಯು ಸಿದ್ಧವಾಗದು. ಗ್ರಂಥಪಾತವಾದ ಎಡೆಯಲ್ಲಿ ಚುಕ್ಕೆಗಳನ್ನು ಇಟ್ಟು ಮುಂದೆ ಸಾಗುವುದು ಸಂಪಾದಕನಿಗೆ ಹೇಗೆ ಗೌರವವೋ, ಈ ಅಂತರವನ್ನು ಅಂತರವೆಂದೇ ತೋರಿಸುವುದು ಇತಿಹಾಸಕಾರನಿಗೂ ಹಾಗೆಯೇ ಗೌರವ.

ಎಲುಬಿಗೆ ಒಂದು ದೊಡ್ಡ ಗುಣವಿದೆ. ಶಾಸನವು ಬರೆಯಿಸಿದವನ ಇಚ್ಛೆಯನ್ನು ಅನುಸರಿಸುವುದು, ಕಾವ್ಯವು ಕವಿಯ ಆದರ್ಶವನ್ನು. ಎಲುಬನ್ನು ಎಸೆದವನು ಮುಂದಿನವರು ನೋಡಲೆಂದು ಎಸೆಯಲಿಲ್ಲ. ಜನರು ತಮ್ಮನ್ನು ಕುರಿತು ಹೇಳಿಕೊಂಡುದನ್ನಲ್ಲ, ಅವರು ಕೈಯಾರೆ ಮಾಡಿದುದನ್ನು ಅದು ತಿಳಿಸುತ್ತದೆ. ಆ ಸಾಕ್ಷ್ಯವು ಅಲ್ಪವಾದರೂ ನಿಷ್ಕಪಟವಾದುದು. ಅದರಲ್ಲಿ ಕಪಟವೇನಾದರೂ ಸೇರಿದರೆ ಅದು ಓದುವವನಿಂದ ಸೇರಿದುದು. ಬೂದಿಯ ಅಡಿಯಲ್ಲಿ ನಾಲ್ಕು ಸಾವಿರ ವರ್ಷ ಕಾದುಕೊಂಡಿದ್ದ ಗೊರಸಿನ ಗುರುತುಗಳಿಗೂ ಎಲುಬಿನ ಚೂರುಗಳಿಗೂ ವಿದ್ವಾಂಸರು ಸಲ್ಲಿಸಬೇಕಾದ ನ್ಯಾಯವು ಇಷ್ಟೇ: ಅವು ಹೇಳುವುದನ್ನು ಪೂರ್ತಿಯಾಗಿ ಕೇಳುವುದು, ಹ���ಳದುದನ್ನು ಅವುಗಳ ಬಾಯಿಂದ ಹೇಳಿಸದಿರುವುದು.